ಕೆರೆಯ ದಡದಲ್ಲಿ ಒಂಬತ್ತು ದಿನ

ಪ್ರವಾಸ ಹೋಗಿಬಂದವರು ತಾವು ಕಂಡ ಸ್ಥಳಗಳ ಸಂಖ್ಯೆಯನ್ನು ಹೇಳಿಕೊಳ್ಳುವುದು ಲೋಕರೂಢಿ. ಎಷ್ಟು ದಿನಗಳಲ್ಲಿ ಎಷ್ಟು ಊರುಗಳನ್ನು ನೋಡಿದೆವೆಂಬ ಲೆಕ್ಕದಲ್ಲಿ ನಾನೂ ಯಾರಿಗೂ ಹಿಂದೆ ಬಿದ್ದವನಲ್ಲ. ಮೂವತ್ತುನಾಲ್ಕು ವರ್ಷಗಳ ಕಾಲ ಗಂಟೆಯ ಶಬ್ದಕ್ಕೆ ಎದ್ದು ಕುಳಿತ ಉಪಾಧ್ಯಾಯನ ಬಾಳಿನಲ್ಲಿ ಬೇಸಗೆಯ ರಜೆಯೂ ಒಂದು ವೇಳಾಪಟ್ಟಿಯೇ ಆಗಿದ್ದಿತು. ಬೆಳಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು, ಸಂಜೆಗೆ ಶ್ರವಣಬೆಳಗೊಳ. ರಾತ್ರಿ ಮನೆಗೆ ಬಂದು ಕೈಕಾಲು ತೊಳೆದರೆ ಆ ಮೂರು ಊರುಗಳ ಧೂಳೂ ಬಚ್ಚಲಿನಲ್ಲಿ ಒಂದಾಗಿ ಹರಿದುಹೋಗುತ್ತಿದ್ದಿತು. ಅಂತಹ ನಾನು ಕಳೆದ ಮಾರ್ಗಶಿರದಲ್ಲಿ, ಮನಸ್ಸು ಮಾಡಿದರೆ ಒಂದೇ ಹಗಲಿನಲ್ಲಿ ಸುತ್ತಿಬರಬಹುದಾದ ಸೀಮೆಯೊಳಗೆ ಒಂಬತ್ತು ದಿನ ಬೀಡುಬಿಟ್ಟು ಬಂದೆನೆಂದರೆ ನನ್ನ ಹಳೆಯ ವಿದ್ಯಾರ್ಥಿಗಳು ನಂಬಲಾರರು. ಅವರು ನಂಬಲೆಂದು ಈ ಬರಹವನ್ನು ಬರೆಯುತ್ತಿಲ್ಲ. ಆ ಒಂಬತ್ತು ದಿನಗಳ ಕೊನೆಯಲ್ಲಿ, ಐವತ್ತು ವರ್ಷಗಳಿಂದ ನಾನು ಕೇಳಬೇಕಾಗಿದ್ದ ಒಂದು ಸಂಗತಿಯನ್ನು ಕೇಳಿದೆನು. ಅದನ್ನು ಹೇಳಿಕೊಳ್ಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ.

ನನ್ನ ತಂಗಿಯ ಮಗನೊಬ್ಬನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವನು. ಅವನು ಒಂದು ಮೋಟಾರು ವ್ಯಾನನ್ನು ಕೊಂಡು ಅದರೊಳಗೆ ಎರಡು ಮಂಚ, ಒಂದು ಗ್ಯಾಸಿನ ಒಲೆ, ಕೈತೊಳೆಯುವ ತೊಟ್ಟಿ, ನೂರು ಲೀಟರು ಹಿಡಿಯುವ ನೀರಿನ ಟ್ಯಾಂಕು, ಪುಟ್ಟದೊಂದು ಶೌಚಗೃಹ ಇಷ್ಟನ್ನೂ ಅಚ್ಚುಕಟ್ಟಾಗಿ ಜೋಡಿಸಿಕೊಂಡಿದ್ದಾನೆ. ಇದಕ್ಕೆ ಕ್ಯಾರವಾನ್ ಎಂದು ಹೆಸರು. ನಮ್ಮ ಜನರಿಗೆ ಈ ಮಾತು ಸಿನಿಮಾ ನಟರ ದೆಸೆಯಿಂದ ಪರಿಚಿತವಾಗಿದೆ. ಶಬ್ದವು ಪಾರಸಿಯದು, ಒಂಟೆಗಳ ಮೇಲೆ ಸರಕು ಹೇರಿಕೊಂಡು ಒಟ್ಟಾಗಿ ಹೋಗುವ ವರ್ತಕರ ಸಾರ್ಥಕ್ಕೆ ಸಲ್ಲುತ್ತಿದ್ದ ಹೆಸರು, ಮನೆಯನ್ನೇ ಹೊತ್ತು ನಡೆಯುವ ಗಾಡಿಗೆ ಬಂದು ನಿಂತಿತು. ವ್ಯಾಪಾರಕ್ಕಲ್ಲದೆ ಕೇವಲ ಸಂತೋಷಕ್ಕಾಗಿ ಇಂತಹ ಗಾಡಿಯನ್ನು ಮಾಡಿಸಿಕೊಂಡವರಲ್ಲಿ ಮೊದಲಿಗನೆಂದು ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾವೈದ್ಯನನ್ನು ಹೇಳುವುದುಂಟು. ಅವನು 1885ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಕಟ್ಟಿಸಿದ ‘ವಾಂಡರರ್’ ಎಂಬ ಗಾಡಿಯನ್ನು ಎರಡು ಕುದುರೆಗಳು ಎಳೆಯುತ್ತಿದ್ದುವು.

ಕುದುರೆಯ ಗಾಡಿಯ ಮಾತು ಬಂದಾಗ ನನಗೆ ನಮ್ಮ ಕಮಾನುಗಾಡಿಯ ನೆನಪಾಗದೆ ಇರಲಿಲ್ಲ. ನಾನು ಹುಡುಗನಾಗಿದ್ದಾಗ ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ನಮ್ಮ ಮನೆಯಿಂದ ಗಾಡಿ ಹೊರಡುತ್ತಿದ್ದಿತು. ಗಾಡಿಯಲ್ಲಿ ಮೊಳದುದ್ದ ಒಣಹುಲ್ಲು, ಅದರ ಮೇಲೆ ಜಮಖಾನ, ತಲೆಯ ಮೇಲೆ ಬಿದಿರಿನ ಕಮಾನು, ಅಚ್ಚಿನ ಕೆಳಗೆ ತೂಗಾಡುವ ಲಾಂದ್ರ. ಬುತ್ತಿಗೆ ರಾಗಿರೊಟ್ಟಿ, ಕೊಬ್ಬರಿ ಚಟ್ನಿ. ನಾವು ಎಲ್ಲಿ ನಿಲ್ಲಬೇಕೆಂಬುದನ್ನು ತೀರ್ಮಾನಿಸುತ್ತಿದ್ದವರು ನಮ್ಮ ತಂದೆಯವರಲ್ಲ, ಎತ್ತುಗಳು. ಅವಕ್ಕೆ ಬಾಯಾರಿದಲ್ಲಿ ಕೆರೆ ಇದ್ದರೆ ಕೊರಳು ಬಿಚ್ಚಬೇಕು. ಬಿಚ್ಚಿದ ಮೇಲೆ ಮೂರು ಕಲ್ಲು ಹೂಡಿ ಒಲೆ ಹಚ್ಚಬೇಕು. ಒಲೆ ಹಚ್ಚಿದ ಮೇಲೆ ಆ ತೋಪಿನಲ್ಲಿ ಇಳಿದಿದ್ದ ಬೇರೆ ಊರಿನವರೊಡನೆ ಮಾತು ಬೆಳೆಯಲೇಬೇಕು. ಎಂಜಿನ್ನಿಗೆ ದಣಿವಿಲ್ಲ. ಆದುದರಿಂದ ಮೋಟಾರು ಬಂದ ಮೇಲೆ ನಮಗೂ ನಿಲ್ಲುವ ಕಾರಣ ಇಲ್ಲದಂತಾಯಿತು.

“ಮಾವ, ನೀವು ಅತ್ತೆಯನ್ನು ಕರೆದುಕೊಂಡು ಒಂಬತ್ತು ದಿನ ಇದರಲ್ಲಿ ಇದ್ದುಬನ್ನಿ. ನಾನು ಒಂದೊಂದು ಕಡೆ ಬಿಟ್ಟುಬರುತ್ತೇನೆ, ಹೇಳಿದ ದಿನ ಬಂದು ಮುಂದಿನ ಕಡೆಗೆ ಒಯ್ಯುತ್ತೇನೆ” ಎಂದನು ಅಳಿಯ. ನಾನು ಕೂಡಲೇ ಕಾಗದ ತೆಗೆದುಕೊಂಡು ಇಪ್ಪತ್ತೆರಡು ಸ್ಥಳಗಳ ಪಟ್ಟಿಯನ್ನು ಬರೆದೆನು. ನನ್ನ ಮನೆಯಾಕೆ ಆ ಪಟ್ಟಿಯನ್ನು ಓದಿ ಏನನ್ನೂ ಹೇಳದೆ ಹುಡುಗನ ಕೈಗೆ ಕೊಟ್ಟಳು. ಅವನು ಅದರಲ್ಲಿ ಮೂರನ್ನು ಉಳಿಸಿ ಮಿಕ್ಕುದನ್ನು ಹೊಡೆದುಹಾಕಿದನು. ಉಳಿದುವು ತೊಣ್ಣೂರು, ಕಿಕ್ಕೇರಿ, ಹೊಸ ಕನ್ನಂಬಾಡಿ. ಮೂರೂ ನೀರಿನ ಅಂಚಿನ ಊರುಗಳು. ಕೊನೆಯದನ್ನು ಉಳಿಸೆಂದು ಅವನಿಗೆ ಹೇಳಿದವಳು ಅವನ ಅತ್ತೆಯೆಂಬುದು ನನಗೆ ಆಮೇಲೆ ತಿಳಿಯಿತು.

ಬೆಳಗ್ಗೆ ಒಂಬತ್ತಕ್ಕೆ ಅರಕೆರೆಯನ್ನು ಬಿಟ್ಟೆವು. ನಮ್ಮ ಗದ್ದೆಯ ಅಕ್ಕಿ ಐದು ಸೇರು, ರಾಗಿಹಿಟ್ಟು, ಹುರುಳಿ, ಉಪ್ಪಿನಕಾಯಿಯ ಭರಣಿ, ಬಾಳೆಲೆಯ ಒಂದು ಕಟ್ಟು, ಇವೆಲ್ಲ ಗಾಡಿಯೊಳಗೆ ಸೇರಿದುವು. ಶ್ರೀರಂಗಪಟ್ಟಣವನ್ನು ದಾಟಿ, ಹಿರಿಯರು ಹಿರೋಡೆಯೆಂದೂ ದೊರೆಗಳ ಕಾಲದವರು ಫ್ರೆಂಚ್ ರಾಕ್ಸ್ ಎಂದೂ ಕರೆಯುತ್ತಿದ್ದ ಪಾಂಡವಪುರದ ಮೇಲೆ ಹಾದು, ಊಟದ ಹೊತ್ತಿಗೆ ಕೆರೆತೊಣ್ಣೂರನ್ನು ಸೇರಿದೆವು. ಪರಿಚಿತ ರೈತರೊಬ್ಬರ ತೆಂಗಿನ ತೋಟದ ಅಂಚಿನಲ್ಲಿ ಗಾಡಿ ನಿಂತಿತು. ಬಾಡಿಗೆಯ ಮಾತೆತ್ತಿದಾಗ ಅವರು, “ಮೇಷ್ಟ್ರೇ, ಬಾಡಿಗೆ ಬ್ಯಾಡ. ಪ್ಲಾಸ್ಟಿಕ್ಕು ಮಾತ್ರ ಬಿಸಾಡಬ್ಯಾಡಿ, ಅಷ್ಟು ಸಾಕು” ಎಂದು ಹೇಳಿ ಎರಡು ಎಳನೀರು ಕೆತ್ತಿಕೊಟ್ಟರು. ಅಳಿಯನು ಗಾಡಿಯನ್ನು ನೆರಳಿಗೆ ನಿಲ್ಲಿಸಿ, ಒಲೆ ದೀಪಗಳನ್ನು ತೋರಿಸಿಕೊಟ್ಟು, ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸು ಹಿಡಿದು ಹೋದನು. ನಾಲ್ಕು ರಾತ್ರಿ ನಾವು ಅಲ್ಲಿಂದ ಕದಲುವಂತಿರಲಿಲ್ಲ. ಎತ್ತು ಮಾಡುತ್ತಿದ್ದ ಕೆಲಸವನ್ನು ಅವನ ಜೇಬಿನ ಕೀಲಿಕೈ ಮಾಡಿತು.

ತೊಣ್ಣೂರಿನ ಕೆರೆಯನ್ನು ನಮ್ಮ ಜಿಲ್ಲೆಯ ವಾಚಕರಿಗೆ ಪರಿಚಯಿಸಬೇಕಾಗಿಲ್ಲ. ಎರಡು ಬಂಡೆಗುಡ್ಡಗಳ ನಡುವಣ ಇಕ್ಕಟ್ಟಾದ ಕಣಿವೆಗೆ ಅಡ್ಡಲಾಗಿ ಏರಿಯನ್ನು ಹಾಕಿ ಹಿಂದಿನವರು ನಿಲ್ಲಿಸಿದ ನೀರು ಅದು. ರಾಮಾನುಜಾಚಾರ್ಯರ ಹೆಸರನ್ನೂ ಹೊಯ್ಸಳ ವಿಷ್ಣುವರ್ಧನನ ಹೆಸರನ್ನೂ ಐತಿಹ್ಯವು ಈ ಊರಿಗೆ ಸೇರಿಸಿ ಹೇಳುತ್ತದೆ. 1746ರಲ್ಲಿ ಇಲ್ಲಿಗೆ ಬಂದ ನಾಸಿರ್ ಜಂಗನು ತಿಳಿನೀರನ್ನು ಕಂಡು ಮೋತಿ ತಲಾಬ್, ಎಂದರೆ ಮುತ್ತಿನ ಕೆರೆ, ಎಂದು ಹೆಸರಿಟ್ಟನೆಂದು ಹಳೆಯ ಗೆಜೆಟಿಯರಿನಲ್ಲಿ ಹೇಳಿದೆ. ನಂಬಿನಾರಾಯಣ, ಗೋಪಾಲಕೃಷ್ಣ, ಯೋಗಾನರಸಿಂಹ ದೇವಾಲಯಗಳೂ, 1358ರ ಕಾಲದ್ದೆನ್ನುವ ಸಾಲಾರ್ ಮಸೂದರ ಗೋರಿಯೂ ಕೂಗಳತೆಯ ಒಳಗೇ ಇರುವುವು. ಇವನ್ನೆಲ್ಲ ನಾನು ಮೊದಲನೆಯ ಸಂಜೆಯೇ ನೋಡಿ ಮುಗಿಸಿದೆನು. ಎರಡನೆಯ ದಿನ ಮಾಡುವುದಕ್ಕೆ ಏನೂ ಇರಲಿಲ್ಲ.

ಆ ಎರಡನೆಯ ದಿನದ ಬೇಸರವನ್ನು ನಾನು ಮರೆಯುವಂತಿಲ್ಲ. ಏರಿಯ ಮೇಲೆ ನಾಲ್ಕು ಸಲ ನಡೆದೆ, ಹೆಜ್ಜೆ ಎಣಿಸಿದೆ. ಓದಿದ ಪತ್ರಿಕೆಯನ್ನೇ ಮತ್ತೆ ಓದಿದೆ. ಗಡಿಯಾರವನ್ನು ನೋಡಿದರೆ ಹನ್ನೊಂದೂ ಆಗಿರಲಿಲ್ಲ. ನನ್ನಾಕೆ ಮಡಿಸುವ ಕುರ್ಚಿಯೊಂದನ್ನು ನೀರಿನ ಕಡೆಗೆ ತಿರುಗಿಸಿ ಹಾಕಿಕೊಂಡು ಅವರೆಕಾಯಿಯನ್ನು ಸುಲಿಯುತ್ತ ಕುಳಿತಿದ್ದಳು. ಮೊಳಕಾಲಿನ ನೋವಿನಿಂದ ಅವಳಿಗೆ ಮೆಟ್ಟಿಲು ಹತ್ತುವುದು ಸಾಗದು. ನಾನು ಪ್ರವಾಸ ಕರೆದುಕೊಂಡು ಹೋದಲ್ಲೆಲ್ಲ ಅವಳು ಗುಡಿಯ ಕೆಳಗೆ ಚಪ್ಪಲಿಗಳನ್ನು ಕಾಯುತ್ತ ಕೂಡುವುದೇ ಹೆಚ್ಚು. “ನಿನಗೆ ಬೇಸರವಾಗುವುದಿಲ್ಲವೆ?” ಎಂದು ಕೇಳಿದೆನು. “ಬೆಳಗ್ಗೆಯಿಂದ ಆ ಮಿಂಚುಳ್ಳಿ ಅದೇ ಕೊಂಬೆಯಿಂದ ಏಳು ಸಲ ಹಾರಿತು, ಎರಡು ಸಲ ಮೀನು ಸಿಕ್ಕಿತು. ನೀವು ಅದರ ಕೆಳಗೇ ನಾಲ್ಕು ಸಲ ಹೋಗಿಬಂದಿರಿ” ಎಂದಳು. ನಾನು ಇನ್ನೊಂದು ಕುರ್ಚಿಯನ್ನು ತಂದು ಹಾಕಿಕೊಂಡೆನು.

ಆ ಸಂಜೆ ಟ್ಯಾಂಕಿನ ನೀರು ಮುಗಿದುಹೋಯಿತು. ಕ್ಷೌರ ಮಾಡಿಕೊಳ್ಳುವಾಗ ನಲ್ಲಿಯನ್ನು ತೆರೆದೇ ಬಿಟ್ಟಿದ್ದವನು ನಾನು. ತೋಟದ ಕೊಳವೆಬಾವಿಯಿಂದ ಬಕೆಟ್ಟುಗಳಲ್ಲಿ ಹೊತ್ತು ತುಂಬುವಾಗ ನನ್ನ ಬೆನ್ನು ನೀರಿನ ತೂಕವನ್ನು ತಿಳಿಯಿತು. “ನಾಲೆಯ ಊರಿನವರಿಗೆ ನೀರಿನ ಲೆಕ್ಕ ಬರುವುದಿಲ್ಲ” ಎಂದು ಅವಳು ನಕ್ಕಳು. ನಾನೂ ನಕ್ಕೆನು. ಅದು ಬರಿಯ ಹಾಸ್ಯದ ಮಾತೆಂದುಕೊಂಡಿದ್ದೆನು.

ಮೂರನೆಯ ದಿನದಿಂದ ಜನ ಬರತೊಡಗಿದರು. ಮೊದಲು ಬಂದವರು ಹುಡುಗರು. ಯಾವ ಹೀರೋ ಒಳಗಿದ್ದಾನೆಂದು ಕೇಳಿ, ಪಂಚೆಯುಟ್ಟ ನನ್ನನ್ನು ಕಂಡು ಬಹಳ ನಿರಾಶರಾದರು. ಅನಂತರ ಒಬ್ಬ ಮುದುಕಿ ಬಂದು ಏನೂ ಮಾತನಾಡದೆ ಬಲಗೈಯ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ ಮೆಟ್ಟಿಲ ಮೇಲೆ ಕುಳಿತಳು. ನಮ್ಮದು ಸಂಚಾರಿ ಆಸ್ಪತ್ರೆಯೆಂದೂ ರಕ್ತದೊತ್ತಡ ಪರೀಕ್ಷಿಸುವರೆಂದೂ ಆಕೆಯ ಎಣಿಕೆ. ಅಲ್ಲವೆಂದು ಹೇಳಿದರೆ, “ಹಂಗಾರೆ ಇದ್ಯಾತಕ್ಕವ್ವ ನಿಮಗೆ? ಮನೆ ಇಲ್ವೆ?” ಎಂದು ಮರುಕದಿಂದ ಕೇಳಿದಳು. ಮನೆ ಇದೆಯೆಂದೂ ಸುಮ್ಮನೆ ಇದ್ದುಹೋಗಲು ಬಂದೆವೆಂದೂ ನನ್ನಾಕೆ ಹೇಳಿ ಕಾಫಿ ಮಾಡಿಕೊಟ್ಟಳು. ಆಕೆ ಹೊರಡುವಾಗ ಒಂದು ಮಡಿಲು ಸೊಪ್ಪನ್ನು ತಂದುಕೊಡುವುದಾಗಿ ಹೇಳಿ ಹೋದಳು. ಮಾರನೆಯ ಬೆಳಗ್ಗೆ ಅದು ಮೆಟ್ಟಿಲ ಮೇಲಿದ್ದಿತು. ಸ್ಥಳಗಳನ್ನು ನೋಡುತ್ತ ಓಡಾಡಿದ ಇಷ್ಟು ವರ್ಷಗಳಲ್ಲಿ ಯಾವ ಊರೂ ನಮಗೆ ಸೊಪ್ಪು ತಂದುಕೊಟ್ಟಿರಲಿಲ್ಲ.

ಐದನೆಯ ದಿನ ಅಳಿಯನು ಬಂದು ನಮ್ಮನ್ನು ಕೃಷ್ಣರಾಜಪೇಟೆಯ ಕಡೆಗೆ ಕರೆದೊಯ್ದನು. ದಾರಿಯಲ್ಲಿ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಬಳಿ ಇಳಿದೆವು. ಹದಿಮೂರನೆಯ ಶತಮಾನದ ಈ ತ್ರಿಕೂಟಾಚಲದ ಜಗತಿಯ ಮೇಲೆ ಆನೆ, ಕುದುರೆ, ಬಳ್ಳಿ, ಕಥಾಪಟ್ಟಿಕೆಗಳ ಸಾಲುಗಳನ್ನು ನೋಡುತ್ತ ನಾನು ಹಳೆಯ ಅಭ್ಯಾಸದಂತೆ ಪಾಠ ಆರಂಭಿಸಿದೆನು. ಅಳಿಯನು ಮರ್ಯಾದೆಗೆ ಕೇಳಿದನು. ಸಂಜೆ ಕಿಕ್ಕೇರಿಯ ಕೆರೆಯ ಬಳಿ ನಮ್ಮನ್ನು ಬಿಟ್ಟು, ಪೇಟೆಯಲ್ಲಿದ್ದ ಗೆಳೆಯನ ಮನೆಗೆ ಮಲಗಲು ಹೋದನು. ಹನ್ನೆರಡನೆಯ ಶತಮಾನದ ಬ್ರಹ್ಮೇಶ್ವರ ದೇವಾಲಯವುಳ್ಳ ಈ ಊರು ಕನ್ನಡಿಗರೆಲ್ಲರಿಗೂ ಇನ್ನೊಂದು ಕಾರಣದಿಂದ ತಿಳಿದಿದೆ, ಕೆ. ಎಸ್. ನರಸಿಂಹಸ್ವಾಮಿಗಳು 1915ರಲ್ಲಿ ಹುಟ್ಟಿದುದು ಇಲ್ಲಿ. 1942ರಲ್ಲಿ ಬಂದ ಅವರ ‘ಮೈಸೂರು ಮಲ್ಲಿಗೆ’ಯನ್ನು ಮದುವೆಯ ಮನೆಗಳಲ್ಲಿ ಉಡುಗೊರೆ ಕೊಡುವುದು ನಮ್ಮ ಕಾಲದಲ್ಲಿ ಒಂದು ಸಂಪ್ರದಾಯವೇ ಆಗಿದ್ದಿತು. 1975ರಲ್ಲಿ ನಮ್ಮ ಮದುವೆಗೆ ಅದರ ಎರಡು ಪ್ರತಿಗಳು ಬಂದಿದ್ದುವು.

ಕೆರೆಯ ಮೇಲಣಿಂದ ಚಳಿಗಾಳಿ ಬರುತ್ತಿದ್ದುದರಿಂದ ಬಾಗಿಲು ಹಾಕಿಕೊಂಡು ಹುರುಳಿಯ ಸಾರು ಅನ್ನವನ್ನು ಉಂಡೆವು. ನಾನು ಆ ಪುಸ್ತಕದ ಮಾತನ್ನೆತ್ತಿದೆನು. ಅದರ ಛಂದಸ್ಸನ್ನು ಕುರಿತು ಏನೋ ಹೇಳುತ್ತಿದ್ದೆನೆಂದು ನೆನಪು. ಅವಳು ತಟ್ಟೆಗಳನ್ನು ಸ್ವಲ್ಪವೇ ನೀರಿನಲ್ಲಿ ತೊಳೆಯುತ್ತ, “ಆ ಪದ್ಯಗಳಲ್ಲಿ ಹೆಂಡತಿಯ ತವರಿನ ಮಾತು ಎಷ್ಟು ಬರುತ್ತದೆ! ಅವಳ ಊರು, ಅವಳ ತಾಯಿ ತಂದೆ, ಅಲ್ಲಿಗೆ ಹೋಗುವುದು ಬರುವುದು. ನೀವು ನನ್ನ ತವರಿನ ವಿಷಯ ಒಂದು ದಿನವಾದರೂ ಕೇಳಿದ್ದುಂಟೆ?” ಎಂದಳು. ನಾನು ಆಶ್ಚರ್ಯಪಟ್ಟು, ಪಾಂಡವಪುರದ ಕಡೆಯ ನಿನ್ನ ಊರು ನನಗೆ ಗೊತ್ತಿಲ್ಲವೆ, ಹಬ್ಬ ಹುಣ್ಣಿಮೆಗಳಿಗೆ ಎಷ್ಟು ಸಲ ಹೋಗಿಬಂದಿಲ್ಲ, ಎಂದೆನು. “ಅದು ನನ್ನ ತವರು. ನನ್ನ ತವರಿಗೂ ಒಂದು ತವರಿದ್ದಿತಲ್ಲ” ಎಂದಳು. ಮುಂದೆ ಮಾತು ಬೆಳೆಯಲಿಲ್ಲ. ದೀಪವಾರಿಸಿ ಮಲಗಿದ ಮೇಲೆ ಬಹಳ ಹೊತ್ತು ನನಗೆ ನಿದ್ರೆ ಬರಲಿಲ್ಲ.

ಆರನೆಯ ದಿನ ಮಧ್ಯಾಹ್ನ ಹೊಸ ಕನ್ನಂಬಾಡಿಯ ಕಡೆ, ಕೃಷ್ಣರಾಜಸಾಗರದ ಹಿನ್ನೀರಿನ ದಡಕ್ಕೆ ಬಂದೆವು. ಅಳಿಯನು ನಮಗೆ ನೀರು ಚೆನ್ನಾಗಿ ಕಾಣಲೆಂದು ಗಾಡಿಯನ್ನು ತುಸು ಮುಂದಕ್ಕೆ ಬಿಟ್ಟನು. ಹಿಂದಿನ ಚಕ್ರಗಳೆರಡೂ ಗೋಡುಮಣ್ಣಿನಲ್ಲಿ ಹೂತುಹೋದುವು. ಸಮೀಪದ ಹೊಲದವರು ಟ್ರಾಕ್ಟರು ತಂದು ಹಗ್ಗ ಕಟ್ಟಿ ಎಳೆದರು. ಕೆಸರು ಮೆತ್ತಿದ ಕೈಯನ್ನು ಒರಸಿಕೊಳ್ಳುತ್ತ ಆ ಹೊಲದ ಯಜಮಾನರು, “ಒಳ್ಳೆ ಮಣ್ಣು ಸಾರ್ ಇದು. ನೀರು ಇಳಿದ ವರ್ಷ ಇಲ್ಲಿ ಏನು ಹಾಕಿದರೂ ಬರ್ತದೆ. ಹಿಂದೆ ಇದೆಲ್ಲ ಊರೂ ಹೊಲವೂ ಇದ್ದ ಬಯಲಂತೆ” ಎಂದರು. ಅವರ ಹೊಲದ ಬದುವಿನ ಗಟ್ಟಿ ನೆಲದ ಮೇಲೆಯೇ ಮೂರು ರಾತ್ರಿ ಇರಲು ಒಪ್ಪಿಗೆಯಾಯಿತು.

ಕನ್ನಂಬಾಡಿ ಕಟ್ಟೆಯ ಚರಿತ್ರೆಯನ್ನು ನಾನು ಎಷ್ಟು ತರಗತಿಗಳಿಗೆ ಹೇಳಿಲ್ಲ! 1911ರಲ್ಲಿ ಕೆಲಸದ ಆರಂಭ. ಆಗ ಮೈಸೂರಿನ ಮುಖ್ಯ ಇಂಜಿನಿಯರು ಎಂ. ವಿಶ್ವೇಶ್ವರಯ್ಯನವರು, ಸಿಮೆಂಟಿಲ್ಲದೆ ಸುರ್ಕಿ ಗಾರೆಯಲ್ಲಿ ಕಟ್ಟಿದ ಗೋಡೆ, ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಬಂದು ನಿಲ್ಲುವ ಜಲಾಶಯ, ತುಂಬಿದಾಗ 124.80 ಅಡಿ, ಸುಮಾರು 49 ಟಿ.ಎಂ.ಸಿ. ನೀರು. ಇರ್ವಿನ್ ನಾಲೆ ಹುಲಿಕೆರೆಯ ಸುರಂಗವನ್ನು ಹಾದು ಬಂದು ಮಂಡ್ಯದ ಬೆದ್ದಲು ಬಯಲಿಗೆ ನೀರು ಕೊಟ್ಟುದು, ಅದಕ್ಕೆ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದುದು. 1933ರಲ್ಲಿ ಸಕ್ಕರೆಯ ಕಾರ್ಖಾನೆ. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾದುದು. ಚಿಕ್ಕದೇವರಾಯಸಾಗರ ಮೊದಲಾದ ಹಳೆಯ ನಾಲೆಗಳಿಗೂ ಬೇಸಗೆಯಲ್ಲಿ ಆಸರೆ ದೊರೆತುದು. ಇವೆಲ್ಲ ಪರೀಕ್ಷೆಗೆ ಬರುವ ಪ್ರಶ್ನೆಗಳು. ಮುಳುಗಿದ ಹಳ್ಳಿಗಳ ಮಾತನ್ನು ಒಂದು ವಾಕ್ಯದಲ್ಲಿ ಮುಗಿಸುತ್ತಿದ್ದೆನು. ಅದು ಪ್ರಶ್ನಪತ್ರಿಕೆಯಲ್ಲಿ ಬರುತ್ತಿರಲಿಲ್ಲ.

ಅಲ್ಲಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ನೋಡಲು ಮೆಲ್ಲನೆ ನಡೆದುಹೋದೆವು. ಹಳೆಯ ಕನ್ನಂಬಾಡಿಯಲ್ಲಿದ್ದ ಹೊಯ್ಸಳರ ಕಾಲದ ಈ ಗುಡಿ ಬಹುಕಾಲ ನೀರಿನಲ್ಲಿ ಮುಳುಗಿದ್ದು, ಬರದ ವರ್ಷಗಳಲ್ಲಿ ಮಾತ್ರ ಮೇಲೆ ಕಾಣುತ್ತಿದ್ದಿತು. ಖೋಡೇ ಪ್ರತಿಷ್ಠಾನದವರು ಅದರ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ ತಂದು ಎತ್ತರದ ದಡದಲ್ಲಿ ಮತ್ತೆ ಜೋಡಿಸಿದರು. 2011ರ ಹೊತ್ತಿಗೆ ಕೆಲಸ ಮುಗಿಯಿತು. ಉದ್ದನೆಯ ಕಂಬಸಾಲಿನಲ್ಲಿ ಕುಳಿತು ನಾನು ಆ ಕೌಶಲವನ್ನು ಹೊಗಳಿದೆನು. ನನ್ನಾಕೆ ಒಂದು ಕಂಬದ ಮೇಲೆ ಕೈಯಿಟ್ಟು ಸವರುತ್ತ, “ದೇವರ ಮನೆಯನ್ನು ತಂದು ಕಟ್ಟಿದರು” ಎಂದಳು. ಮಿಕ್ಕ ಮಾತನ್ನು ಅವಳು ಆಡಲಿಲ್ಲ.

ಹೊರಗೆ ಬಂದಾಗ ಕುರಿ ಕಾಯುವ ಹಿರಿಯರೊಬ್ಬರು ದಡದಲ್ಲಿ ನಿಂತಿದ್ದರು. “ಯಜಮಾನರೇ, ಹಳೆಯ ಊರು ಯಾವ ಕಡೆಗೆ?” ಎಂದು ಅವಳೇ ಕೇಳಿದಳು. ಅವರು ಕೋಲನ್ನು ಚಾಚಿ, “ಅಗೋ ಅಲ್ಲಿ ಕಣವ್ವ. ಈಗ ಕಟ್ಟೆ ತುಂಬದೆ, ಏನೂ ಕಾಣಾಕಿಲ್ಲ” ಎಂದರು. ನಿಜವಾಗಿಯೂ ಏನೂ ಕಾಣುತ್ತಿರಲಿಲ್ಲ. ನೀರು, ಅದರ ಮೇಲೆ ಬಿಸಿಲು, ದೂರದಲ್ಲಿ ಮೀನಿನವರ ಒಂದು ಹರಿಗೋಲು. ಅವಳು ಆ ಕೋಲು ತೋರಿದ ಕಡೆಯನ್ನೇ ನೋಡುತ್ತ ನಿಂತಳು. ಹಿಂದಿನ ದಿನಗಳಾಗಿದ್ದರೆ ನಾನು ಹೊತ್ತಾಯಿತೆಂದು ಅವಸರಪಡಿಸುತ್ತಿದ್ದೆನು. ಹೋಗುವುದಕ್ಕೆ ಬೇರೆ ಕಡೆಯೇ ಇಲ್ಲದಿದ್ದುದರಿಂದ ಸುಮ್ಮನಿದ್ದೆನು.

ಆ ಸಂಜೆ ಗಾಡಿಯ ಮೆಟ್ಟಿಲ ಮೇಲೆ ಕುಳಿತು ಅವಳು ಹೇಳಿದುದು ಇಷ್ಟು. ಅವಳ ತಾಯಿಯ ತಾಯಿ, ಅವಳನ್ನು ಸಾಕಿದ ಅಜ್ಜಿ, ಹುಟ್ಟಿದುದು ಹಳೆಯ ಕನ್ನಂಬಾಡಿಯಲ್ಲಿ. ಊರು ಬಿಡುವ ಕಾಲಕ್ಕೆ ಆಕೆ ಸುಮಾರು ಹತ್ತು ವರ್ಷದ ಹುಡುಗಿ. ಬಾಗಿಲು, ಬಾಗಿಲುವಾಡ, ತೊಲೆ, ಒರಳುಕಲ್ಲು, ತುಳಸಿಯ ಕಟ್ಟೆಯ ಮಣ್ಣು ಇವನ್ನೆಲ್ಲ ಗಾಡಿಗಳಲ್ಲಿ ಹೇರಿಕೊಂಡು ಹೊರಟರು. ಹಿತ್ತಿಲಿನ ಬಾವಿಯನ್ನು ತರುವಂತಿರಲಿಲ್ಲ. ನೀರು ಬಂದು ನೀರಿನ ಬಾವಿಯನ್ನೇ ಮುಳುಗಿಸುವುದೆಂದರೆ ಆ ಹುಡುಗಿಗೆ ಅರ್ಥವಾಗಲಿಲ್ಲವಂತೆ. ಮುದುಕಿಯಾದ ಮೇಲೂ ಅದನ್ನು ಮತ್ತೆ ಮತ್ತೆ ಹೇಳುತ್ತಿದ್ದಳಂತೆ. ಬೃಂದಾವನದಲ್ಲಿ ಬಣ್ಣದ ದೀಪಗಳನ್ನು ಹಚ್ಚಿ ನೀರನ್ನು ಕುಣಿಸುತ್ತಾರೆಂದು ಊರಿನವರು ನೋಡಿಬಂದು ಹೇಳಿದರೆ ಆಕೆ ಎದ್ದು ಒಳಗೆ ಹೋಗುತ್ತಿದ್ದಳು. “ನಮ್ಮೂರು ಮುಳುಗಿಸಿದ ನೀರು ಕಣವ್ವ. ಆ ದೀಪವ ನೀನೂ ನೋಡಬ್ಯಾಡ” ಎಂದು ಮೊಮ್ಮಗಳಿಂದ ಮಾತು ತೆಗೆದುಕೊಂಡಿದ್ದಳು.

ಇದನ್ನು ಕೇಳುತ್ತಿರುವಾಗ ನನಗೆ 1975ರ ಒಂದು ಸಂಜೆಯ ನೆನಪಾಯಿತು. ಮದುವೆಯಾದ ತಿಂಗಳು ನಾನು ಹೊಸ ಹೆಂಡತಿಯನ್ನು ಬೃಂದಾವನಕ್ಕೆ ಕರೆದುಕೊಂಡು ಹೋಗಿದ್ದೆನು. ದೀಪಗಳು ಹೊತ್ತಿಕೊಂಡಾಗ ಸುತ್ತಲಿನವರೆಲ್ಲ ಅಹಾ ಎಂದರು. ಅವಳು ಮಾತ್ರ ಕಾರಂಜಿಗಳಿಗೆ ಬೆನ್ನು ತಿರುಗಿಸಿ ನೆಲವನ್ನು ನೋಡುತ್ತ ನಿಂತಳು. ಏಕೆಂದು ಕೇಳಿದರೆ ಉತ್ತರವಿಲ್ಲ. ನನ್ನ ಜೊತೆಯಲ್ಲಿ ಇಬ್ಬರು ಸಹೋದ್ಯೋಗಿಗಳೂ ಅವರ ಮನೆಯವರೂ ಇದ್ದರು. ಅವರೆದುರಿಗೆ ನನಗೆ ಅವಮಾನವಾದಂತೆ ತೋರಿ, “ಹಳ್ಳಿಗಾಡಿನ ಮೊಂಡುತನ” ಎಂದು ಎಲ್ಲರಿಗೂ ಕೇಳುವಂತೆ ಅಂದೆನು. ಆ ಮಾತನ್ನು ನಾನು ಮರುದಿನವೇ ಮರೆತೆನು. ಅನಂತರವೂ ನೆಂಟರಿಷ್ಟರು ಬಂದಾಗ ಬೃಂದಾವನಕ್ಕೆ ಹೊರಟರೆ ಅವಳಿಗೆ ಪ್ರತಿಸಲವೂ ತಲೆನೋವು ಬರುತ್ತಿದ್ದಿತು. ಅದನ್ನು ನಾನು ಹಾಸ್ಯ ಮಾಡುತ್ತಿದ್ದೆನು.

“ಅಂದೇ ಏಕೆ ಹೇಳಲಿಲ್ಲ?” ಎಂದು ಕೇಳಿದೆನು. ಅವಳು ಸ್ವಲ್ಪ ಹೊತ್ತು ತಡೆದು ಹೇಳಿದಳು: “ಹೇಗೆ ಹೇಳಲಿ? ಬಂದ ಮನೆ ನಾಲೆಯ ಕೆಳಗಿನದು. ಅತ್ತೆ ದಿನವೂ ಒಲೆ ಹಚ್ಚುವ ಮೊದಲು ಕಟ್ಟೆ ಕಟ್ಟಿದವರನ್ನು ನೆನೆದು ಕೈಮುಗಿಯುತ್ತಿದ್ದರು. ತಪ್ಪೇನು, ಅವರ ಹೊಟ್ಟೆ ತುಂಬಿದ್ದು ಆ ನೀರಿನಿಂದ. ನಾನೂ ಅದೇ ಅನ್ನ ಉಂಡೆ, ಅದೇ ಅನ್ನದಲ್ಲಿ ಮಕ್ಕಳನ್ನು ಬೆಳೆಸಿದೆ. ಉಣ್ಣುತ್ತ ಉಣ್ಣುತ್ತ ಅಜ್ಜಿಯ ಮನೆ ಮುಳುಗಿತೆಂದು ಅಳುವುದು ಹೇಗೆ?”

ನಾನು ಏನು ಹೇಳಬಹುದಾಗಿತ್ತು? ಕಟ್ಟೆ ಬೇಡವಾಗಿತ್ತೆಂದು ಹೇಳಿದರೆ ಸುಳ್ಳು. ಅವಳೂ ಅದನ್ನು ಹೇಳಲಿಲ್ಲ. ನಮ್ಮ ಜಿಲ್ಲೆಯ ಲಕ್ಷಾಂತರ ಜನರ ತಟ್ಟೆಯಲ್ಲಿ ಆ ನೀರಿದೆ. ಆದರೆ ಒಂದು ಊರಿನ ಸುಗ್ಗಿಗೆ ಇನ್ನೊಂದು ಊರು ತೆತ್ತ ಬೆಲೆಯೊಂದುಂಟು. ಬೆಲೆ ತೆತ್ತ ಮನೆಯವಳೊಬ್ಬಳು ನನ್ನ ಎದುರಿಗೇ ಐವತ್ತು ವರ್ಷ ಕುಳಿತು ಉಂಡಿದ್ದಾಳೆ. ನಾನು ಅದನ್ನು ಅರಿಯದೆ ಶಾಲೆಯಲ್ಲಿ ಮಕ್ಕಳಿಗೆ ಅಡಿ ಅಂಗುಲಗಳ ಲೆಕ್ಕವನ್ನು ಹೇಳಿದ್ದೇನೆ. ಅಂದು ಬೃಂದಾವನದಲ್ಲಿ ಆಡಿದ ಮಾತು ತಪ್ಪಾಯಿತು ಎಂದೆನು. “ಯಾವ ಮಾತು?” ಎಂದು ಕೇಳಿದಳು. ಮರೆತಿದ್ದಳೋ, ನನಗಾಗಿ ಮರೆತಂತೆ ಇದ್ದಳೋ, ನಾನು ಕೆದಕಲಿಲ್ಲ.

ಏಳನೆಯ ಎಂಟನೆಯ ದಿನಗಳಲ್ಲಿ ನಡೆದುದನ್ನು ಹೇಳಬೇಕೆಂದರೆ ಏನೂ ಇಲ್ಲ. ಬೆಳಗಿನ ಮಂಜಿನಲ್ಲಿ ನೀರೂ ಆಕಾಶವೂ ಒಂದೇ ಬಣ್ಣವಾಗಿರುತ್ತಿದ್ದುವು. ಹರಿಗೋಲಿನವರ ಮಾತು ಮೊದಲು ಕೇಳಿ ಅವರು ಆಮೇಲೆ ಕಾಣುತ್ತಿದ್ದರು. ಅವಳು ಅಜ್ಜಿಯ ಕಥೆಗಳನ್ನು ಹೇಳಿದಳು. ನಡುವೆ ಬಾಯಿಹಾಕದೆ ಕೇಳುವುದು ಉಪಾಧ್ಯಾಯನಿಗೆ ಎಷ್ಟು ಕಷ್ಟವೆಂಬುದನ್ನು ನನ್ನ ವೃತ್ತಿಬಾಂಧವರು ಬಲ್ಲರು.

ಒಂಬತ್ತನೆಯ ಬೆಳಗ್ಗೆ, ಅಳಿಯನು ಬರುವ ಮುಂಚೆ, ಅವಳು ಸ್ನಾನ ಮಾಡಿ ನಮ್ಮ ಗದ್ದೆಯ ಅಕ್ಕಿಯಲ್ಲಿ ಕೊನೆಗೆ ಉಳಿದಿದ್ದುದನ್ನು ಅನ್ನ ಮಾಡಿದಳು. ಮೊದಲ ಅನ್ನವನ್ನು ಬಾಳೆಲೆಯ ತುಂಡಿನ ಮೇಲೆ ಬಡಿಸಿ, ತುಪ್ಪ ಬೆಲ್ಲ ಹಾಕಿ, ನೀರಿನ ಅಂಚಿಗೆ ಹೊರಟಳು. ಹಿರಿಯರಿಗೆ ಎಡೆಯಿಡುವುದು ನಮ್ಮಲ್ಲಿ ಮಹಾಲಯದ ಪಕ್ಷದಲ್ಲಿ. ಇದು ಯಾವ ತಿಥಿಯೂ ಅಲ್ಲ, ಶಾಸ್ತ್ರವೂ ಅಲ್ಲ. ಅಂತಹ ವಿಷಯಗಳಲ್ಲಿ ನಾನು ತಕರಾರು ಮಾಡುವವನೆಂದು ಅವಳು ಬಲ್ಲಳು. ಆದುದರಿಂದ ನನ್ನನ್ನು ಕರೆಯಲಿಲ್ಲ. ಗೋಡುಮಣ್ಣು ಜಾರುತ್ತಿದ್ದಿತು, ಅವಳ ಮೊಳಕಾಲು ನೋಯುತ್ತಿದ್ದಿತು. ನಾನು ಚಪ್ಪಲಿಯನ್ನು ಬಿಟ್ಟು ಹೋಗಿ ಅವಳ ತೋಳನ್ನು ಹಿಡಿದುಕೊಂಡೆನು. ಎಲೆಯನ್ನು ನೆಲದ ಮೇಲಿಟ್ಟು ಅವಳು, “ಅವ್ವಾ, ಇದು ನಿಮ್ಮ ಊರಿನ ನೀರಿನದೇ” ಎಂದಳು. ಬೇರೆ ಮಂತ್ರವಿರಲಿಲ್ಲ. ನಾವು ಹತ್ತು ಹೆಜ್ಜೆ ಹಿಂದಕ್ಕ ಬರುವುದರೊಳಗೆ ಕಾಗೆಯೊಂದು ಬಂದು ಕುಳಿತಿತು.

ಸಂಜೆಯ ಹೊತ್ತಿಗೆ ಅರಕೆರೆಯನ್ನು ಸೇರಿದೆವು. ಮಾರನೆಯ ದಿನ ಮುಖ ತೊಳೆಯುವಾಗ ನಲ್ಲಿಯನ್ನು ತಿರುಗಿಸಿ ನಿಲ್ಲಿಸುವುದು ತಾನಾಗಿಯೇ ಆಯಿತು. ಗದ್ದೆಯ ಕಡೆಗೆ ಹೋದಾಗ ನಾಲೆಯಲ್ಲಿ ನೀರು ಎಂದಿನಂತೆ ಹರಿಯುತ್ತಿದ್ದಿತು. ಆದರೆ ಅದು ಎಲ್ಲಿಂದ ಬರುತ್ತಿದೆಯೆಂದು ನಾನು ನಿಂತು ಯೋಚಿಸಿದುದು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅದೇ ಮೊದಲು. ಒಡೆದುಹೋಗಿದ್ದ ತೂಬಿನ ಬಾಯಿಗೆ ಎರಡು ಸಲಿಕೆ ಮಣ್ಣು ಹಾಕಿ ಬಂದೆನು.

ಅಳಿಯನು ಮೊನ್ನೆ ದೂರವಾಣಿಯಲ್ಲಿ ಮಾತನಾಡುತ್ತ, ಮುಂದಿನ ವರ್ಷ ಗಾಡಿಯನ್ನು ನೀವೇ ಓಡಿಸಿಕೊಂಡು ಹೋಗುವುದಾದರೆ ಕಲಿಸಿಕೊಡುತ್ತೇನೆಂದನು. ನಾನು ಉತ್ತರ ಹೇಳುವುದಕ್ಕೆ ಮುಂಚೆ ನನ್ನ ಮನೆಯಾಕೆ ಒಳಗಿನಿಂದ ಕೂಗಿ ಹೇಳಿದಳು: “ಬೇಡಪ್ಪ, ಕೀಲಿಕೈ ನಿನ್ನ ಹತ್ತಿರವೇ ಇರಲಿ.”